ಬಾಗಿಲು ಬಡಿದ ನಾಯಕಿ

ಸ್ತ್ರೀ ಸ್ವಾತಂತ್ರ್ಯದ ವಿಷಯದಲ್ಲಿ ಇಡೀ ರಾಮತೀರ್ಥ ನಗರದಲ್ಲಿ ನನ್ನಷ್ಟು ಅಧಿಕಾರದಿಂದ ಮಾತನಾಡಬಲ್ಲ ಹೆಂಗಸು ಇನ್ನೊಬ್ಬಳಿಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ಕಾರಣ, ನಮ್ಮ ಮಹಿಳಾ ಮಂಡಳದ ನಾಟಕದಲ್ಲಿ ನಾಯಕಿಯ ಪಾತ್ರ ನನ್ನದು. ಕತೆ ಹೊಸದೇನಲ್ಲ. ಗಂಡನ ಮನೆಯೆಂಬ ಪಂಜರದಲ್ಲಿ ಇಪ್ಪತ್ತು ವರ್ಷ ಒಗ್ಗರಣೆ ಹಾಕಿದ ಹೆಂಗಸು ಕೊನೆಗೊಂದು ದಿನ, "ಈ ಬಾಗಿಲು ತೆಗೆಯಿರಿ! ನನಗೆ ಹೊರಗಿನ ಗಾಳಿ ಬೇಕು!" ಎಂದು ಗರ್ಜಿಸಿ, ಬಾಗಿಲನ್ನು ಧಡ್ ಎಂದು ಬಡಿದು ಹೊರಟುಹೋಗುತ್ತಾಳೆ. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯನ್ನು ಸ್ವೀಕರಿಸುವುದನ್ನು ನಾನು ಕನ್ನಡಿಯ ಮುಂದೆ ಬೇರೆಯಾಗಿಯೇ ಅಭ್ಯಾಸ ಮಾಡಿದ್ದೆ.

ನಗಬೇಡಿ. ಶಾಲೆಯಲ್ಲಿದ್ದಾಗ ನನಗೆ ಸಿಕ್ಕಿದ್ದು ಮರದ ಪಾತ್ರ. ಎರಡು ಕೈ ಚಾಚಿ ಅರ್ಧ ತಾಸು ನಿಂತಿದ್ದೆ, ಅಷ್ಟೇ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕೊನೆಗೂ ಮಾತಿರುವ ಪಾತ್ರ ಬಂದಿತ್ತು. ಇದು ತಪ್ಪಿದರೆ ಮುಂದೆ ಸಿಗುವುದು ಅಜ್ಜಿಯ ಪಾತ್ರವೇ.

ಒಂದು ತಿಂಗಳು ಮನೆಯಲ್ಲಿ ತಾಲೀಮು ನಡೆಯಿತು. ಪುಸ್ತಕ ಹಿಡಿದು ಎದುರು ಕೂರುತ್ತಿದ್ದವರು ನಮ್ಮವರು. ಅವರು ಸಾಧುಪ್ರಾಣಿ. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಅವರು ದನಿ ಏರಿಸಿದ್ದು ಒಮ್ಮೆ ಮಾತ್ರ, ಅದೂ ಬಸ್ಸು ಅವರನ್ನು ಬಿಟ್ಟು ಹೊರಟಾಗ. ಇನ್ನು ಪಕ್ಕದ ಮನೆಯ ಪಾಟೀಲ ಕಾಕೂ ತಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ, ನಮ್ಮ ಕಿಟಕಿಯಿಂದ ಬಂದ ಪ್ರತಿಯೊಂದು ಮಾತಿಗೂ ಅಭಿಪ್ರಾಯ ಹೇಳುತ್ತಿದ್ದರು.

ತೊಡಕು ಒಂದೇ. ನಾಟಕದ ರಟ್ಟಿನ ಬಾಗಿಲು ಬಡಿದರೆ ಧಡ್ ಅನ್ನದೆ ಪುಸ್ ಅನ್ನುತ್ತಿತ್ತು. ಪುಸ್ ಎಂದು ಸಿಗುವ ಸ್ವಾತಂತ್ರ್ಯಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ? ಖಾನಾಪುರದಲ್ಲಿ ನಮ್ಮವರ ಅಕ್ಕನ ಹಳೆಯ ಮನೆ ಬಿಚ್ಚುತ್ತಿದ್ದರು. ಅಲ್ಲಿಯ ಸಾಗವಾನಿ ಬಾಗಿಲನ್ನು ಚೌಕಟ್ಟಿನ ಸಮೇತ ಟೆಂಪೋದಲ್ಲಿ ಹಾಕಿಸಿ, ನಮ್ಮವರು ನೇರ ಸಭಾಗೃಹಕ್ಕೆ ತರಬೇಕೆಂದಾಯಿತು. ನಾಟಕ ಸಂಜೆ ಐದಕ್ಕೆ. ಅವರು ಹೊರಡುವುದು ಮಧ್ಯಾಹ್ನ, ಆದರೆ ಅವರ ಫೋನು ರಿಪೇರಿಗೆ ಹೋಗಿದ್ದರಿಂದ ಬೆಳಿಗ್ಗೆಯೇ ನನ್ನ ಫೋನನ್ನು ಕಿಸೆಗೆ ಹಾಕಿಕೊಂಡಿದ್ದರು.

"ದನಿ ಉಳಿಸ್ಕೊ ಶೈಲಾ, ಸಂಜೀತನಾ ಒಂದ ಮಾತೂ ಆಡಬ್ಯಾಡ" ಎಂದು ಮಂಡಳದ ಅಧ್ಯಕ್ಷೆ ಕುಸುಮಾ ಮೇಡಂ ಅಪ್ಪಣೆ ಮಾಡಿದ್ದರು. ನಾಟಕದಲ್ಲಿ ಗಂಡನ ಪಾತ್ರ ಅವರದೇ. ನಾನು ಊಟ ಮುಗಿಸಿ ಹಿಂದಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತು, ಪಾತ್ರದ ದುಃಖವನ್ನು ಒಳಗೆ ಇಳಿಸಿಕೊಳ್ಳುತ್ತಿದ್ದೆ. ಒಂದೂವರೆಗೆ ಹೊರಗೆ ಕಟಕ್ ಎಂದಿತು. ಏನೆಂದು ಕೇಳೋಣವೆನಿಸಿತು. ಆದರೆ ಮೌನವ್ರತ!

ಮೂರಕ್ಕೆ ತಲೆ ಬಾಚಿ ಬಂದು ಬಾಗಿಲು ಎಳೆದೆ. ಬರಲಿಲ್ಲ. ಹೊರಗಿನಿಂದ ಕೀಲಿ! ಹಿತ್ತಲ ಬಾಗಿಲಿಗೆ ಓಡಿದೆ. ಮಂಗಗಳ ಕಾಟಕ್ಕೆಂದು ನಾನೇ ಹಟ ಹಿಡಿದು ಹಾಕಿಸಿದ ದೊಡ್ಡ ಕೀಲಿ ಅಲ್ಲಿ ತೂಗುತ್ತಿತ್ತು. ಎರಡರ ಕೀಲಿಕೈಯೂ ಒಂದೇ ಗೊಂಚಲಿನಲ್ಲಿ, ಆ ಗೊಂಚಲು ಖಾನಾಪುರದಲ್ಲಿ. ಒಂದು ಬಾಗಿಲು ತರಲು ಹೋದ ಮಹಾನುಭಾವರು ಎರಡು ಬಾಗಿಲು ಮುಚ್ಚಿ ಹೋಗಿದ್ದರು!

ಬಾಗಿಲು ಬಡಿದೆ. ಕಿಟಕಿಗೆ ಬಂದು ಸರಳು ಹಿಡಿದು ಕೂಗಿದೆ. "ಕಾಕೂ! ಬಾಗಲಾ ತಗಸ್ರಿ! ನಾ ಒಳಗ ಸಿಕ್ಕೊಂಡೀನಿ!"

ಕಾಕೂ ಅಕ್ಕಿಯಿಂದ ತಲೆ ಎತ್ತಲಿಲ್ಲ. "ಇವತ್ತ ಭಾಳ ಛಂದ ಬಂತ ನೋಡ. ನಿನ್ನಿಗಿಂತ ಜೀವಾ ತುಂಬಿ ಹೇಳೀದಿ."

"ನಾಟಕ ಅಲ್ರಿ ಕಾಕೂ, ಖರೇನ ಹೇಳಾಕತ್ತೀನಿ!"

"ಹಾಂ, ಹಿಂಗ ಖರೇ ಅನ್ನಿಸಬೇಕು. ಸ್ವಲ್ಪ ಅಳು ಸೇರಸು."

ಅಳು ಸೇರಿಸುವ ಅಗತ್ಯವಿರಲಿಲ್ಲ, ತಾನೇ ಸೇರುತ್ತಿತ್ತು. ಅಷ್ಟರಲ್ಲಿ ಕಾಯಿಪಲ್ಲೆ ಮಾರುವವಳು ಬಂದಳು. ನನ್ನ ಕೂಗು ಕೇಳಿ ಬುಟ್ಟಿ ಇಳಿಸಿ, "ಅಯ್ಯ ಶಿವನ! ಯಾರೋ ಹೆಣ್ಮಗಳನ್ನ ಕೂಡಿ ಹಾಕ್ಯಾರಲ್ರಿ!" ಎಂದು ಕಣ್ಣೊರೆಸಿಕೊಂಡಳು. ಅವಳಿಗೆ ನೂರು ವರ್ಷ ಆಯುಷ್ಯ ಬರಲಿ ಎಂದುಕೊಂಡೆ. ಅಷ್ಟರಲ್ಲಿ ಕಾಕೂ, "ಏ, ಅಕಿ ನಾಟಕದಾಕಿ ಬೇ! ತಿಂಗಳಾತು, ದಿನಾ ಹಿಂಗ ಒದರತಾಳ" ಎಂದರು.

"ಹೌದೇನ್ರಿ? ಪಾರ್ಟ್ ಛಲೋ ಮಾಡ್ತಾರ" ಎಂದು ನನ್ನನ್ನು ಮೆಚ್ಚಿ, ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಕೊನೆಯ ಅಸ್ತ್ರವಾಗಿ ಹಿಟ್ಟು ನಾದುವ ಪರಾತ ತಂದು ಸೌಟಿನಿಂದ ಬಾರಿಸಿದೆ. "ಸಂಗೀತಾನೂ ಐತೇನ? ನಂಗ ಹೇಳೇ ಇಲ್ಲ!" ಎಂದರು ಕಾಕೂ. ಆ ಸದ್ದಿಗೆ ಬಂದದ್ದು ಒಂದು ಮಂಗ. ಕಿಟಕಿಯ ಹೊರಗೆ ಕೂತು, ಸರಳಿನ ಒಳಗಿದ್ದ ನನ್ನನ್ನು ಬಹಳ ಹೊತ್ತು ಅಧ್ಯಯನ ಮಾಡಿತು. ಯಾವ ಮಂಗ ಒಳಗೆ ಬರಬಾರದೆಂದು ಕೀಲಿ ಹಾಕಿಸಿದ್ದೆನೋ ಅದು ಸ್ವತಂತ್ರವಾಗಿ ಹೊರಗೆ, ಹಾಕಿಸಿದವಳು ಒಳಗೆ!

ನಾಲ್ಕಕ್ಕೆ ಕಾಕೂ ಜರಿ ಸೀರೆ ಉಟ್ಟು ಹೊರಬಂದರು. "ಶೈಲಾ, ನಾ ನಾಟಕಾ ನೋಡಾಕ ಹೊಂಟೆ. ನೀನೂ ಲಗೂನ ಬಾ. ಹೀರೋಯಿನ್ ತಡಾ ಮಾಡಬಾರದು" ಎಂದು ಕೈ ಬೀಸಿ ಆಟೋ ಹತ್ತಿದರು.

ಐದು ಹೊಡೆಯಿತು. ನಾನು ನೆಲದ ಮೇಲೆ ಕೂತು ಅತ್ತೆ. ಖರೇ ಅಳು. ನಾಟಕದ ಹೆಂಗಸಿಗೆ ಅದೆಷ್ಟು ಸಂಕಟವಾಗಿರಬೇಕೆಂದು ನನಗೆ ತಿಳಿದದ್ದೇ ಆಗ. ತಿಂಗಳ ತಾಲೀಮಿನಲ್ಲಿ ಬಾರದ ಅಭಿನಯ ಬಂತು. ನೋಡಲು ಮಂಗವೂ ಇರಲಿಲ್ಲ.

ಆಗಾಗ ಎದ್ದು ಬಾಗಿಲು ಬಡಿಯುತ್ತಲೇ ಇದ್ದೆ. ಏಳಕ್ಕೆ ಕೀಲಿ ತೆರೆಯಿತು. ಹೊಸ್ತಿಲಲ್ಲಿ ಯಾರೋ ಅಪರಿಚಿತರು. ಮೀಸೆಯಿಲ್ಲ, ಹಣೆಗೆ ಕುಂಕುಮ, ಹೆಗಲ ಮೇಲೆ ಶಾಲು, ಕೈಯಲ್ಲಿ ತೆಂಗಿನಕಾಯಿ.

"ಯಾರ್ರಿ ನೀವು?" ಎಂದೆ.

"ನಾನ, ಶೈಲಾ" ಎಂದಿತು ನಮ್ಮವರ ದನಿ. "ಮನಿ ಅಷ್ಟ ಶಾಂತ ಇತ್ತಲ್ಲ. ನೀ ಮೊದಲ ಹೋಗೀದಿ ಅಂತ ತಿಳದೆ."

ಆದದ್ದು ಇಷ್ಟು. ಟೆಂಪೋ ದಾರಿಯಲ್ಲಿ ಕೆಟ್ಟು, ಅವರು ಸಭಾಗೃಹ ಮುಟ್ಟುವಾಗ ಪೌಣೆ ಐದು, ನಾಟಕಕ್ಕೆ ಇನ್ನು ಹದಿನೈದೇ ನಿಮಿಷ. ಕುಸುಮಾ ಮೇಡಂ ಗಾಬರಿಯಾಗಿ ನನಗೆ ಫೋನು ಹಚ್ಚಿದರೆ ಅದು ನಮ್ಮವರ ಕಿಸೆಯಲ್ಲೇ ರಿಂಗಾಯಿತು. ಆಗ ಇವರಿಗೆ ಕೀಲಿ ನೆನಪಾಗಿ, ಮನೆಗೆ ಓಡಲು ತಿರುಗಿದರೆ ಮೇಡಂ ತೋಳು ಹಿಡಿದರಂತೆ. "ಕೀಲಿ ಹಾಕೀರಂದ್ರ ಅಕಿ ಎಲ್ಲಿ ಹೋಗ್ತಾಳ್ರಿ? ಆರಾಮ ಇರತಾಳ. ಮೊದಲ ಸ್ತ್ರೀ ಸ್ವಾತಂತ್ರ್ಯ ಮುಗೀಲಿ!" ನನ್ನ ಮಾತುಗಳೆಲ್ಲ ಬಾಯಿಪಾಠವಿದ್ದದ್ದು ಇವರೊಬ್ಬರಿಗೇ. ಮೀಸೆ ಬೋಳಿಸಿ, ಪಾತ್ರಕ್ಕೆಂದು ಮೊದಲೇ ಸಭಾಗೃಹದಲ್ಲಿ ಇಟ್ಟುಬಂದಿದ್ದ ನನ್ನ ಇಳಕಲ್ ಸೀರೆ ಉಡಿಸಿ ರಂಗಕ್ಕೆ ದೂಡಿದರು.

ಇಪ್ಪತ್ತಾರು ವರ್ಷ ಉಳಿಸಿಟ್ಟ ದನಿಯನ್ನೆಲ್ಲ ಅವರು ಒಮ್ಮೆಲೇ ಖರ್ಚು ಮಾಡಿದರಂತೆ. ಅವರು ಬಡಿದ ರಭಸಕ್ಕೆ ಸಾಗವಾನಿ ಬಾಗಿಲು ಚೌಕಟ್ಟಿನ ಸಮೇತ ಬಿತ್ತು. ಕುಸುಮಾ ಮೇಡಂ ಸ್ವಲ್ಪದರಲ್ಲಿ ಪಾರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲು ಎದ್ದವರು ಪಾಟೀಲ ಕಾಕೂ!

ನಾನು ಸಿಟ್ಟಿನಿಂದ ಒಂದು ಗಂಟೆ ಬೈದೆ. ನಮ್ಮವರು ತಲೆ ತಗ್ಗಿಸಿ ಎಲ್ಲ ಕೇಳಿ, "ಇದು ಪುಸ್ತಕದಾಗ ಇಲ್ಲಲಾ?" ಎಂದರು. ಮೀಸೆಯಿಲ್ಲದ ಆ ಮುಖ ನೋಡಿ, ಬೇಡವೆಂದರೂ ನಗು ಬಂತು.

ನಾಟಕಕ್ಕೆ ಈಗ ಖಾನಾಪುರದಿಂದ ಕರೆ ಬಂದಿದೆ. ಪಾತ್ರ ನಮ್ಮವರದೇ ಎಂದು ಮಂಡಳ ಒಮ್ಮತದಿಂದ ಠರಾವು ಮಾಡಿದೆ. "ಮತ್ತ ನನಗ ಯಾವ ಪಾರ್ಟ್ ರಿ?" ಎಂದು ಕೇಳಿದೆ.

"ಸಾಗವಾನಿ ಬ್ಯಾಡವಾ, ಜೀವಕ್ಕ ಅಪಾಯ. ರಟ್ಟಿನ ಬಾಗಲಾನ ಇರಲಿ" ಎಂದರು ಕುಸುಮಾ ಮೇಡಂ. "ಧಡ್ ಅನ್ನೋ ಸದ್ದು ಪರದೆ ಹಿಂದಿಂದ ಯಾರರ ಮಾಡಬೇಕಲ್ಲ? ನಾಲ್ಕ ತಾಸು ಬಾಗಲಾ ಬಡದ ಅನುಭವ ನಮ್ಮ ಮಂಡಳದಾಗ ನಿನಗೊಬ್ಬಾಕಿಗೇ ಐತಿ."

ಒಪ್ಪಿಕೊಂಡಿದ್ದೇನೆ. ದಿನಾ ಸಂಜೆ ಹಲಗೆಯ ಮೇಲೆ ತಾಲೀಮು ನಡೆದಿದೆ. ಸದ್ದು ಇನ್ನೂ ಖರೇ ಅನ್ನಿಸುವುದಿಲ್ಲ ಎಂದು ಕಾಕೂ ಹೇಳುತ್ತಾರೆ.