ನಮ್ಮತ್ತೆ, ಜಪಾನಿನ ಶ್ಯಾವಿಗೆ ಮತ್ತು ರಾಕ್ ಸಂಗೀತ

ಮೂರು ಹೆಂಗಸರಿರುವ ಮನೆಯಲ್ಲಿ ಇಬ್ಬರು ಗುಸುಗುಸು ಮಾತಾಡುತ್ತಿದ್ದರೆ ಮೂರನೆಯವಳ ಪಾಲಿಗೆ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಪಿಯುಸಿ ಓದುವ ಮಗಳು, ಎಪ್ಪತ್ತು ದಾಟಿದ ಅತ್ತೆ, ಮತ್ತು ಆ ಮೂರನೆಯವಳು, ಅಂದರೆ ನಾನು. ಹುನಗುಂದದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ.

ಮಗಳಿಗೆ ಎರಡು ಹುಚ್ಚು. ಒಂದು, ಮಾಂಗಾ ಎಂಬ ಜಪಾನಿ ಚಿತ್ರಕಥೆಯ ಪುಸ್ತಕಗಳು. ಇನ್ನೊಂದು ಇಂಡಿ ರಾಕ್. ದೊಡ್ಡ ಕಂಪನಿಗಳ ಹಂಗಿಲ್ಲದೆ ನಾಲ್ಕು ಜನ ಸೇರಿ ಗಿಟಾರ್ ಬಾರಿಸಿಕೊಂಡು ತಮ್ಮ ಪಾಡಿಗೆ ಹಾಡುವ ಸಂಗೀತ. ಎರಡರ ಬಗ್ಗೆಯೂ ಅವಳಿಗೆ ಖಡಕ್ ಅಭಿಪ್ರಾಯಗಳಿವೆ. ಅವನ್ನೆಲ್ಲ ತಂದೆಗೆ ಹೇಳುತ್ತಿದ್ದಳು. ಕೆರೂರಿನ ಬ್ಯಾಂಕಿನಿಂದ ಬಂದವರು ಬೂಟು ಬಿಚ್ಚುವ ಮೊದಲೇ ಶುರುವಾಗುತ್ತಿತ್ತು. ಹೋದ ವರ್ಷ ಅವರು ತೀರಿಕೊಂಡರು. ಕೇಳುವವರ ಜಾಗ ಖಾಲಿಯಾಯಿತು. ಇಂಗ್ಲಿಷ್ ಬರುವವಳು ನಾನೊಬ್ಬಳೇ ಆದ್ದರಿಂದ ಅದು ನನಗೇ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಅತ್ತೆಗೆ.

ಅತ್ತೆ ಬೇವೂರಿನವರು, ಬೀರಪ್ಪ ದೇವರ ಒಕ್ಕಲು, ಓದು ಬರಹ ಅಷ್ಟಕ್ಕಷ್ಟೇ. ಮಗನನ್ನು ಕಳೆದುಕೊಂಡವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ನನಗೆ ಗೊತ್ತಿದೆ. ಹೊಟ್ಟೆಗೆ ಗೊತ್ತಿಲ್ಲ.

ಶ್ಯಾವಿಗೆಯ ಹುಡುಗ

ಮಗಳ ಅಚ್ಚುಮೆಚ್ಚಿನ ಮಾಂಗಾದಲ್ಲಿ ಒಬ್ಬ ಹುಡುಗ ರೈಲು ನಿಲ್ದಾಣದ ಎದುರು, ಮುದುಕ ಯಜಮಾನನ ಅಂಗಡಿಯಲ್ಲಿ, ಶ್ಯಾವಿಗೆ ಸಾರು ಮಾಡಲು ಕಲಿಯುತ್ತಾನೆ. ಒಂದು ದಿನ ಅದನ್ನು ಅಜ್ಜಿಯ ತೊಡೆಯ ಮೇಲಿಟ್ಟು ತೋರಿಸುತ್ತಿದ್ದಳು.

"ಕಣ್ಣು ಈಟ ದೊಡ್ಡವು ಅದಾವು, ಸಾರು ಉಕ್ಕೂದು ಕಾಣವಲ್ದೇನು ಇವಗ?" ಎಂದರು ಅತ್ತೆ.

ಮಗಳು ಬಿದ್ದು ಬಿದ್ದು ನಕ್ಕಳು. "ಖರೆ ಆಯಿ! ಚಿತ್ರಾ ಭಾಳ ಚಂದ ತಗದಾನ, ಆದ್ರ ಒಂದು ಸಾರು ಉಕ್ಕಾಕ ಆರು ಪುಟ ಎಳದಾನ."

"ಹುಡುಗಗ ಕೈಗುಣ ಐತಿ ಬಿಡು. ಆದ್ರ ಶ್ಯಾವಿಗಿ ಹಗ್ಗದಂಗ ಅದಾವು. ಬೆಲ್ಲಾ ಇಲ್ಲ, ತುಪ್ಪಾ ಇಲ್ಲ. ಯಾರ್ ತಿಂತಾರ?"

ನಾನೂ ಬಗ್ಗಿ ನೋಡಿದೆ. ನನಗೂ ಒಂದು ಅಭಿಪ್ರಾಯ ಹೊಳೆಯಿತು. "ಇಲ್ಲಿ ಗಡಿಯಾರದಾಗ ಮಧ್ಯಾಹ್ನ ಹನ್ನೆರಡು ಆಗೈತಿ. ಹಂಗಾದ್ರ ಕಂಬದ ನೆರಳು ಇಷ್ಟುದ್ದ ಹೆಂಗ ಬೀಳ್ತೈತಿ?"

ಇಬ್ಬರೂ ತಲೆಯೆತ್ತಿ ನನ್ನನ್ನು ನೋಡಿದರು. ಅತ್ತೆ ಮೊಮ್ಮಗಳ ಕೈ ತಟ್ಟಿ, "ಇರ್ಲಿ ಬಿಡವಾ. ಸಾಲಿಂದ ಈಗ ಬಂದಾಳ, ದಣಿದಿರ್ತಾಳ" ಎಂದರು.

ಅಂದು ಭಾನುವಾರ.

ಎದ್ದು ಕೂತ ಯಜಮಾನ

ಕಥೆ ಓದದೆ ಅಭಿಪ್ರಾಯ ಹೇಳಿದ್ದು ತಪ್ಪು ಎಂದುಕೊಂಡು, ನನಗೆ ರಜೆಯಿದ್ದು ಮಗಳು ಕಾಲೇಜಿಗೆ ಹೋದ ಒಂದು ದಿನ ಅದರ ಕೊನೆಯ ಸಂಪುಟ ತೆಗೆದು ಇಡೀ ಓದಿದೆ. ಮೊದಲ ಪುಟದಲ್ಲೇ ಹುಡುಗ ಒಬ್ಬನೇ ಕೂತಿದ್ದಾನೆ, ಅಂಗಡಿ ಮುಚ್ಚಿದೆ. ಆಮೇಲೆ ಯಜಮಾನನ ಅಂತ್ಯಕ್ರಿಯೆ. ಅದಾದ ಮೇಲೆ ಆಸ್ಪತ್ರೆಯ ಮಂಚ. ಯಜಮಾನ ಮೆಲ್ಲಗೆ ಕಣ್ಣು ಬಿಡುತ್ತಾನೆ. ಇನ್ನೆರಡು ಪುಟ ತಿರುವಿದರೆ ಎದ್ದು ಕೂತಿದ್ದಾನೆ. ನಂತರ ಹುಡುಗನಿಗೆ ಬೈಯುತ್ತಾನೆ. ಕಟ್ಟಕಡೆಗೆ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಅಂಗಡಿಯ ಬಾಗಿಲು ತೆರೆಯುತ್ತಾನೆ. ಪ್ರಶ್ನೆಗಿಂತ ಮೊದಲೇ ಉತ್ತರ ಬರುತ್ತಿತ್ತು ನಿಜ. ಜಪಾನಿನವರ ಪದ್ಧತಿ ಇರಬಹುದು ಎಂದು ಬಿಟ್ಟೆ. ಪುಸ್ತಕ ಮುಚ್ಚಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಸಂಜೆ ಮಗಳಿಗೆ ಹೇಳಿದೆ. "ನಿನ್ನ ಪುಸ್ತಕ ಓದಿದೆ. ಕಡೀಕ ಯಜಮಾನ ಎದ್ದು ಬಂದು ಅಂಗಡಿ ತಗದನಲ್ಲ, ಅದು ಭಾಳ ಮನಸಿಗಿ ಹತ್ತಿತು."

ಅವಳು ಪುಸ್ತಕ ತಂದು ಮಗುಚಿ ನನ್ನ ಕೈಗಿಟ್ಟಳು. "ಅವ್ವ, ಮಾಂಗಾ ಬಲಗಡಿಂದ ಓದಬೇಕು. ನೀ ಹಿಂದಿಂದ ಮುಂದ ಓದೀದಿ."

"ಅಂದ್ರ?"

"ಅಂದ್ರ ಅಂವಾ ಸತ್ತ."

ಒಳಗಿನಿಂದ ಅತ್ತೆಯ ದನಿ ಬಂತು. "ಏ ತಂಗಿ, ನನಗೂ ನಿಮ್ಮವ್ವನಂಗ ಹಿಂದಿಂದ ಓದಿ ಹೇಳಾಕ ಏನಾಗಿತ್ತು ನಿನಗ? ಸುಮ್ನ ಎರಡು ದಿನ ಊಟಾ ಬಿಟ್ನೆಲ್ಲ!"

ಬಾದಾಮಿಯ ಓದುಗ

ನಂಟರ ಮದುವೆಗೆಂದು ಬಾದಾಮಿಗೆ ಹೋಗಿದ್ದೆವು. ಊಟ ಮುಗಿಸಿ ಗುಹೆಗಳ ಮೆಟ್ಟಿಲ ಮೇಲೆ ಕೂತಿದ್ದಾಗ ಒಂದು ಕೋತಿ ಬಂದು, ತಿನ್ನುವ ಪದಾರ್ಥವೆಂದು ತಿಳಿದು ಮಗಳ ಕೈಯಿಂದ ಮಾಂಗಾ ಕಸಿದುಕೊಂಡು ಗೋಡೆ ಹತ್ತಿತು. ಮೂಸಿತು. ಆಚೀಚೆ ತಿರುಗಿಸಿತು. ಕಡೆಗೆ ತೊಡೆಯ ಮೇಲಿಟ್ಟುಕೊಂಡು ತೆರೆಯಿತು.

ಪುಸ್ತಕ ಹೋದ ದುಃಖ ಮರೆತು ಮಗಳು ಕೂಗಿದಳು. "ಅವ್ವ, ನೋಡಲ್ಲಿ! ಬಲಗಡಿಂದ ತಗೀತು!"

ಅತ್ತೆ ಚೀಲದಿಂದ ಒಂದು ಪ್ಯಾರಲ ಹಣ್ಣು ತೆಗೆದು ಎಸೆದರು. ಕೋತಿ ಪುಸ್ತಕ ಬಿಟ್ಟು ಹಣ್ಣು ಹಿಡಿಯಿತು. ಅತ್ತೆ ಪುಸ್ತಕದ ಧೂಳು ಜಾಡಿಸುತ್ತ ನನ್ನ ಕಡೆ ತಿರುಗಿ, ಬಹಳ ಕಳಕಳಿಯಿಂದಲೇ ಹೇಳಿದರು. "ಇನ್ನೊಂದೀಟು ಹೊತ್ತು ಬಿಡಬೇಕಿತ್ತು. ನೀನೂ ಬಾಜೂಕ ಕುಂತು ಕಲೀತಿದ್ದಿ."

ಎದುರಿನ ಮೇಳ

ಪುಸ್ತಕದಲ್ಲಿ ಸೋತವಳು ಸಂಗೀತದಲ್ಲಿ ನೋಡೋಣ ಎಂದುಕೊಂಡೆ. ಆದರೆ ಅಲ್ಲಿ ಅತ್ತೆ ಇನ್ನೂ ಗಟ್ಟಿ. ಅವರ ತವರಿನಲ್ಲಿ ಡೊಳ್ಳಿನ ಪದದ ಎರಡು ಮೇಳಗಳು ಎದುರುಬದುರು ನಿಲ್ಲುತ್ತಿದ್ದವಂತೆ. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕಬೇಕು, ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು. ಕೊಡದಿದ್ದರೆ ಸೋತಂತೆ.

ಮಗಳು ಸ್ಪೀಕರಿನಲ್ಲಿ ಒಂದು ಹಾಡು ಹಾಕಿದ್ದಳು. ಹಾಡುವವನು ಯಾರದೋ ಮನೆಯ ಮುಂದೆ ನಿಂತು, ನಾನು ಒಳಗೆ ಬರಲೇ ಎಂದು ಕೇಳುತ್ತಿದ್ದಾನೆ ಎಂದು ಅಜ್ಜಿಗೆ ಅರ್ಥ ಹೇಳಿದಳು.

"ಎದುರಿನ ಮ್ಯಾಳ ಎಲ್ಲೈತಿ?"

"ಎದುರಿನ ಮ್ಯಾಳ ಇಲ್ಲ ಆಯಿ. ಇವನೊಬ್ಬನ."

"ಅದಕ್ಕ ಅಳಾಕತ್ತಾನ ಪಾಪ." ಅತ್ತೆ ಸ್ಪೀಕರಿನ ಕಡೆ ಬಗ್ಗಿ ಜೋರಾಗಿ ಹೇಳಿದರು. "ಬಾಗಲಾ ತಗದ ಐತಿ, ಬಾರೋ ತಮ್ಮಾ! ಕಾಲು ತೊಳಕೊಂಡು ಬಾ!"

ಮಗಳು ಚಪ್ಪಾಳೆ ತಟ್ಟಿದಳು. "ಬರೋಬ್ಬರಿ ಹೇಳಿದಿ ಆಯಿ. ಮೊದಲಿನ ಆಲ್ಬಮ್ಮಿನಾಗ ಛಲೋ ಇದ್ರು. ಈಗ ಬರೇ ಬಾಗಲದಾಗ ನಿಂತು ಅಳೂದ ಆಗೈತಿ."

ನಾನು ಹಿಂದಿನ ವಾರ ಇಂಟರ್‌ನೆಟ್ಟಿನಲ್ಲಿ ಗಿಟಾರಿನ ಬಗ್ಗೆ ಓದಿಕೊಂಡು ತಯಾರಾಗಿದ್ದೆ. ಕಿವಿಗೊಟ್ಟು ಕೇಳಿ, ಸಮಯ ನೋಡಿ ಹೇಳಿದೆ. "ಈಗ ಬರಾಕತ್ತೈತಲ್ಲ, ಈ ಗೊರಗೊರ ಗಿಟಾರ್, ಇದರಾಗ ಒಂದು ನೋವು ಐತಿ."

"ಅವ್ವ, ಹಾಡು ಮುಗದ ಹೋತು. ಅದು ಬಾಜೂಮನಿ ಮಿಕ್ಸರ್."

ಅಮೀನಗಡ

ಮೊನ್ನೆ ಸೀರೆ ಕೊಳ್ಳಲು ಇಳಕಲ್ಲಿಗೆ ಹೊರಟೆವು. ಇಳಕಲ್ ಸೀರೆಯನ್ನು ಇಳಕಲ್ಲಿನಲ್ಲೇ ಕೊಳ್ಳಬೇಕು ಎಂಬುದು ಅತ್ತೆಯ ಹಟ. ಕಾರು ಅವರದ್ದು, ಅಂದರೆ ನಮ್ಮವರದ್ದು. ಅವರು ಹೋದ ಮೇಲೆ ನಾನು ನಡೆಸಲು ಕಲಿತೆ. ಸ್ಟಿಯರಿಂಗ್ ಹಿಡಿದರೆ ನಾನು ಬೇರೆ ಮಾತಾಡುವುದಿಲ್ಲ. ಮಗಳು ಪಕ್ಕದಲ್ಲಿ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಅತ್ತೆ ಕಣ್ಣು ಮುಚ್ಚಿದ್ದರು.

ಕಮತಗಿ ದಾಟಿದ ಮೇಲೆ ಮಗಳು ಕೈ ಚಾಚಿ ಒಂದು ಗುಂಡಿ ಒತ್ತಿದಳು. ಕಾರಿನಲ್ಲಿ ನಮ್ಮವರು ಹಾಕಿಟ್ಟಿದ್ದ ಪೆನ್ ಡ್ರೈವ್ ಹಾಗೇ ಇತ್ತು. ಒಂದು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಒಂದೇ ಗಿಟಾರು, ಸಣ್ಣ ದನಿ. ಪ್ರತಿ ನುಡಿ ಮುಗಿದ ಮೇಲೆ ಹಾಡುವವನು ಇಂಗ್ಲಿಷಿನಲ್ಲಿ ಒಂದೇ ಮಾತು ಕೇಳುತ್ತಿದ್ದ: ಎಲ್ಲಿಗೆ ಬಂದೆ?

ದಿನಾ ಸಂಜೆ ಫೋನಿನಲ್ಲಿ ನಾನು ಅವರನ್ನು ಕೇಳುತ್ತಿದ್ದ ಮಾತು ಅದು. ಒಲೆಯ ಮೇಲೆ ರೊಟ್ಟಿಯ ಹೆಂಚು ಇಡಬೇಕೋ ಬೇಡವೋ ತಿಳಿಯಲು.

ಅವನು ಮತ್ತೆ ಕೇಳಿದ. ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮತ್ತೊಮ್ಮೆ ಕೇಳಿದ. ಯಾರೋ ಅಷ್ಟು ಸಲ ಕೇಳಿದರೂ ಹೇಳದೆ ಕೂರುವುದು ನನಗೆ ಸರಿ ಕಾಣಲಿಲ್ಲ.

"ಅಮೀನಗಡ" ಎಂದೆ.

ಮಗಳು ಹಾಡು ನಿಲ್ಲಿಸಿದಳು. ಇದನ್ನೂ ಕೆಡಿಸಿದೆ ಎಂದುಕೊಂಡೆ.

"ಯಾರ್ ಹೇಳಿದ್ರು ನಿನಗ?"

"ಏನು?"

"ಹುಬ್ಬಳ್ಳಿಗಿ ಹೋಗೂ ಮುಂದ ಪಪ್ಪಾನೂ ಹಿಂಗ ಮಾಡ್ತಿದ್ರು. ಇಂವಾ ಕೇಳಿದಾಗೊಮ್ಮೆ ಕೆರೂರ ಅಂತಿದ್ರು, ಕುಳಗೇರಿ ಕ್ರಾಸ್ ಅಂತಿದ್ರು. ನಾ ಇದನ್ನ ಯಾರ ಮುಂದೂ ಹೇಳಿಲ್ಲ. ಆಯಿ ಮುಂದೂ ಹೇಳಿಲ್ಲ."

"ನನಗ ಯಾರೂ ಹೇಳಿಲ್ಲವಾ. ಬೋರ್ಡ್ ಕಾಣ್ತು, ಓದಿದೆ."

ಅವಳು ನಕ್ಕಳು. ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಹಾಡನ್ನು ಮೊದಲಿನಿಂದ ಹಚ್ಚಿದಳು. "ಅವ್ವ, ಈಗ ಡ್ರಮ್ ಬರ್ತೈತಿ ಕೇಳು. ನನಗ ಈ ಡ್ರಮ್ ಬ್ಯಾಡ ಅನಸ್ತೈತಿ. ಅದಿಲ್ಲದ ಇದ್ರ ಹಾಡು ಇನ್ನಾ ಛಲೋ ಇರ್ತಿತ್ತು. ಪಪ್ಪಾ ಇರ್ಲಿ ಅಂತಿದ್ರು. ನಿನಗೇನ ಅನಸ್ತೈತಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟು ಕಿರುಗುಟ್ಟಿತು. ಅತ್ತೆ ಎಚ್ಚರವಾಗಿದ್ದರು. ಪ್ರಾಯಶಃ ಮೊದಲಿನಿಂದಲೂ.

"ನನ್ನ ಮುಂದ ಯಾಕ ಹೇಳಿಲ್ಲ?"

"ಆಯಿ, ಅದು..."

"ಜವಾಬ ಕೊಡೂದು ನಾ ಕಲಿಸಿದ್ದು. ನಿಮ್ಮಪ್ಪಗೂ ನಾನ ಕಲಿಸಿದ್ದು. ಏ ನೀ, ನೀ ಸುಮ್ನ ಗಾಡಿ ನಡಸು."

ಅಷ್ಟರಲ್ಲಿ ನುಡಿ ಮುಗಿಯಿತು. ಹಾಡುವವನು ಕೇಳಿದ: ಎಲ್ಲಿಗೆ ಬಂದೆ?

ಅತ್ತೆ ಎರಡು ಸೀಟುಗಳ ನಡುವೆ ತಲೆ ತೂರಿಸಿ, ನನ್ನ ಕಿವಿಯ ಪಕ್ಕದಲ್ಲೇ ಕೂಗಿದರು. "ಇಳಕಲ್ಲ!"

"ಆಯಿ, ಇನ್ನಾ ಅಮೀನಗಡದ ಕರದಂಟಿನ ಅಂಗಡಿ ದಾಟಿಲ್ಲ! ಹುನಗುಂದಾನೂ ಬಂದಿಲ್ಲ!"

"ಬರದಿದ್ರ ಬಿಡು" ಎಂದರು ಅತ್ತೆ, ಸೆರಗು ಸರಿಮಾಡಿಕೊಂಡು ಹಿಂದಕ್ಕೆ ಒರಗುತ್ತ. "ನಿಮ್ಮವ್ವಗಿಂತ ನಾ ಮುಂದ ಅದೀನೋ ಇಲ್ಲೋ, ಅಷ್ಟ ಹೇಳು."