ಅತ್ತೆಯೊಡನೆ ಆಕಾಶಮಾರ್ಗದಲ್ಲಿ

ಈ ಭೂಮಿಯ ಮೇಲೆ ಅಪರಿಚಿತರು ಎಂಬ ವರ್ಗವೇ ಇಲ್ಲ ಎಂದು ಪ್ರಾಮಾಣಿಕವಾಗಿ ನಂಬಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಅವರ ಜೊತೆ ಯುರೋಪು ಸುತ್ತಿ, ವಿಮಾನದಲ್ಲಿ ಅವರ ಪಕ್ಕದ ಸೀಟಿನಲ್ಲಿ ಕುಳಿತು, ಜೀವಸಹಿತ ಮನೆಗೂ ಬಂದಿದ್ದೇನೆ! ಅವರು ನನ್ನ ಸೋದರತ್ತೆ.

ಮಾವ ಡಾಕ್ಟರು. ತಿರುವನಂತಪುರದ ಉಳ್ಳೂರಿನಲ್ಲಿ ಮನೆ, ಅಲ್ಲೇ ಸಮೀಪದ ಆಸ್ಪತ್ರೆಯಲ್ಲಿ ಕೆಲಸ. ಐವತ್ತರ ದಶಕ ಮುಗಿಯುತ್ತ ಬಂದಿದ್ದಾಗ ತರಬೇತಿಗೆಂದು ಒಂದು ವರ್ಷ ವಿಯೆನ್ನಾಕ್ಕೆ ಹೋದವರು, ಹಿಂತಿರುಗುವ ಮುಂಚೆ ಹೆಂಡತಿಗೂ ನಾಲ್ಕು ಊರು ತೋರಿಸೋಣವೆಂದು ಅತ್ತೆಯನ್ನು ಕರೆಸಿಕೊಂಡರು. ಅತ್ತೆ ಒಬ್ಬರೇ ಹಡಗು ಹತ್ತಲು ಸುತರಾಂ ಒಪ್ಪಲಿಲ್ಲ. ಬಿ.ಎ. ಮುಗಿಸಿ ಕಾಸರಗೋಡಿನ ಮನೆಯಲ್ಲಿ ಕುಳಿತಿದ್ದ ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆಂಬ ತಪ್ಪು ತಿಳಿವಳಿಕೆ ನಮ್ಮ ಕುಟುಂಬದಲ್ಲಿ ಹಬ್ಬಿತ್ತು. ಹಾಗಾಗಿ ನನ್ನ ಅದೃಷ್ಟ ಖುಲಾಯಿಸಿತು. ಅತ್ತೆಯ ಇಬ್ಬರು ಗಂಡುಮಕ್ಕಳನ್ನು ನಮ್ಮಮ್ಮನ ವಶಕ್ಕೆ ಒಪ್ಪಿಸಿ ಹೊರಟೆವು. ಆ ಹುಡುಗರು ಕನ್ನಡದಲ್ಲಿ ಬೈಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುವವರು. ನಮ್ಮಮ್ಮನ ಪಾಡು ಬೇರೆಯೇ ಪ್ರಬಂಧವಾದೀತು.

ಯುರೋಪಿನಲ್ಲಿ ಅತ್ತೆ ಮಾತಾಡಿದ್ದು ಕನ್ನಡ. ನಿಧಾನವಾಗಿ ಹೇಳಿದರೆ ಕನ್ನಡ ಯಾರಿಗಾದರೂ ಅರ್ಥವಾಗುತ್ತದೆ ಎಂಬುದು ಅವರ ಸಿದ್ಧಾಂತ. ಆಶ್ಚರ್ಯವೆಂದರೆ ಅರ್ಥವಾಗುತ್ತಿತ್ತು! ರೋಮಿನಲ್ಲಿ ನಾವಿದ್ದ ವಸತಿಯ ಒಡತಿಯನ್ನು ಮೊದಲ ದಿನವೇ "ಅಕ್ಕಾ!" ಎಂದು ಕರೆದರು. ಆಕೆ ಓಡಿಹೋಗಿ ಒಂದು ಲೋಟ ನೀರು ತಂದಿಟ್ಟಳು. ಮತ್ತೆ ಕರೆದರು, ಮತ್ತೆ ನೀರು.

"ನೋಡಿದಿಯಾ? ಕರೆದಾಗೆಲ್ಲ ನೀರು ಕೊಡ್ತಾಳೆ. ಎಂಥ ಸಂಸ್ಕಾರ!" ಎಂದು ಅತ್ತೆ ಕರಗಿಹೋದರು. ಇಟಲಿಯವರ ಭಾಷೆಯಲ್ಲಿ ನೀರಿಗೇ 'ಅಕ್ವಾ' ಎನ್ನುತ್ತಾರೆಂದು ಮಾವನಿಗೆ ಗೊತ್ತಿತ್ತು. ಹೇಳಿ ಅಕ್ಕ–ತಂಗಿಯರ ನಡುವೆ ಒಡಕು ತರುವುದು ಯಾಕೆಂದು ಸುಮ್ಮನಿದ್ದರು. ಹೊರಡುವ ದಿನ ಆ ಅಕ್ಕ ಅತ್ತೆಯನ್ನು ತಬ್ಬಿಕೊಂಡು ಅತ್ತು, ಬಟ್ಟೆಯಲ್ಲಿ ಸುತ್ತಿದ ಒಂದು ದೊಡ್ಡ ಗಂಟನ್ನು ಕೈಗಿತ್ತಳು. ಒಳಗೆ ಚೀಸು! ಅದರ ವಾಸನೆಯನ್ನು ನಾನು ವರ್ಣಿಸುವುದಿಲ್ಲ. ಓದುವವರು ಊಟಕ್ಕೆ ಕುಳಿತಿರಬಹುದು.

ಮಾವನ ರಜೆ ಮುಗಿಯುತ್ತ ಬಂದಿದ್ದರಿಂದ ಮರಳುವುದು ವಿಮಾನದಲ್ಲಿ. ನನಗಂತೂ ಕಾಲು ನೆಲದ ಮೇಲಿರಲಿಲ್ಲ! ಮೆಟ್ಟಿಲು ಹತ್ತುವಾಗಲೇ ಎದೆಯೊಳಗೆ ಚೆಂಡೆ. ಸೀಟಿನ ಪಟ್ಟಿ ಬಿಗಿಯಲು ಬಂದ ಗಗನಸಖಿಯ ಕೈಯನ್ನು ಅತ್ತೆ ಹಿಡಿದುಕೊಂಡರು.

"ಡ್ರೈವರಿಗೆ ಮದುವೆ ಆಗಿದೆಯಾ ಕೇಳು," ಎಂದರು ನನಗೆ.

"ಅದೆಲ್ಲ ಕೇಳಬಾರದು ಅತ್ತೆ!"

"ಯಾಕೆ ಕೇಳಬಾರದು? ಹೆಂಡತಿ ಮಕ್ಕಳಿದ್ದವ ಜಾಗ್ರತೆಯಲ್ಲಿ ಬಿಡ್ತಾನೆ. ಕೇಳು ಮಾರಾಯ್ತಿ."

ಕೇಳಿದೆ. ಗಗನಸಖಿ ನಗು ತಡೆದುಕೊಂಡು ಮುಂದೆ ಹೋಗಿ ವಿಚಾರಿಸಿಕೊಂಡು ಬಂದಳು. ಮದುವೆಯಾಗಿದೆ, ಮೂವರು ಮಕ್ಕಳು.

"ಹಾಗಾದ್ರೆ ತೊಂದರೆ ಇಲ್ಲ," ಎಂದು ಅತ್ತೆ ಸೆರಗು ಹೊದ್ದು ನಿದ್ದೆಹೋದರು. ಗುಡುಗು ಸಿಡಿಲಿಗೂ ಎಬ್ಬಿಸಲಾಗದಷ್ಟು ಗಾಢ ನಿದ್ದೆ. ನಾನು ಮಾತ್ರ ಕಿಟಕಿಗೆ ಮೂಗು ಒತ್ತಿ, ಮೋಡದ ಮೇಲೆ ನಮ್ಮ ವಿಮಾನದ ನೆರಳು ಓಡುವುದನ್ನು ನೋಡುತ್ತ ಕುಳಿತೆ. ನಮ್ಮ ಅಕ್ಕಪಕ್ಕದ ಸೀಟಿನವರು ಆ ಗಂಟಿನ ದೆಸೆಯಿಂದ ಒಬ್ಬೊಬ್ಬರಾಗಿ ಎದ್ದು ಬೇರೆ ಕಡೆ ಹೋದದ್ದರಿಂದ ಕಾಲು ಚಾಚಲು ಮಾವನಿಗೆ ಬೇಕಾದಷ್ಟು ಜಾಗ!

ಬೊಂಬಾಯಿಯಲ್ಲಿ ಸುಂಕದ ಅಧಿಕಾರಿ ಬಲು ಗಂಭೀರವಾಗಿ "ಎಲ್ಲ ಬಿಚ್ಚಿ ತೋರಿಸಬೇಕು" ಎಂದ. ಅತ್ತೆ ಮೊದಲು ಬಿಚ್ಚಿದ್ದು ಚೀಸಿನ ಗಂಟನ್ನು. ಆತ ಎರಡು ಹೆಜ್ಜೆ ಹಿಂದೆ ಸರಿದು, ತೋಳು ಉದ್ದಕ್ಕೆ ಚಾಚಿ, ಉಳಿದೆಲ್ಲ ಪೆಟ್ಟಿಗೆಗಳ ಮೇಲೂ, ಬಿಚ್ಚಿಸದೆಯೇ, ತಪಾಸಣೆ ಮುಗಿಯಿತೆಂಬ ಸೀಮೆಸುಣ್ಣದ ಗುರುತು ಎಳೆದುಬಿಟ್ಟ. ಗಂಟನ್ನು ಮಾವ ಬೊಂಬಾಯಿಯಲ್ಲಿ 'ಮರೆತರು'. ಅಷ್ಟು ಮರೆವಿನ ಮನುಷ್ಯ ಅವರಲ್ಲ.

ಅಲ್ಲಿಂದ ಕೊಚ್ಚಿಯ ಮೂಲಕ ತಿರುವನಂತಪುರಕ್ಕೆ ಸಣ್ಣ ವಿಮಾನ. ಅದರಲ್ಲಿ ಅತ್ತೆಯ ಪಕ್ಕಕ್ಕೆ ಸಿಕ್ಕಿದವಳು ಇಪ್ಪತ್ತೈದರ ಒಬ್ಬ ಬಿಳಿ ಹುಡುಗಿ, ಹಿಲ್ಡಾ. ಹಡಗಿನಲ್ಲಿ ಬೊಂಬಾಯಿಗೆ ಬಂದು ಇಳಿದವಳು. ವಿಯೆನ್ನಾದ ಹತ್ತಿರದ ಕಾರ್ಖಾನೆಯೊಂದರಲ್ಲಿ ತರಬೇತಿಗೆ ಬಂದಿದ್ದ ತಿರುವನಂತಪುರದ ಇಂಜಿನಿಯರನೊಬ್ಬನನ್ನು ಮದುವೆಯಾಗಲು ಒಬ್ಬಳೇ ಹೊರಟಿದ್ದಳು! ಇಷ್ಟನ್ನು ಅವಳ ಅರೆಬರೆ ಇಂಗ್ಲಿಷಿನಿಂದ ನಾನು ಹೆಕ್ಕಿಕೊಟ್ಟೆ. ಅತ್ತೆ ಕೂಡಲೇ ಅವಳ ಹೆಸರನ್ನು "ಇಳಾ" ಎಂದು ಸರಿಪಡಿಸಿದರು.

ಕೊಚ್ಚಿ ಬಂತು. ಕೆಳಗೆ ಹಿನ್ನೀರು, ತೆಂಗು, ಬಂದರಿನ ಹಡಗುಗಳು. "ಹಡಗಿನ ಮೇಲೆಯೇ ಇಳಿಸ್ತಾನಾ ಹೇಗೆ?" ಎಂದು ಅತ್ತೆ ಕೂಗುವಷ್ಟರಲ್ಲಿ ಚಕ್ರ ನೆಲ ಮುಟ್ಟಿತು. ನಾನು ಚಪ್ಪಾಳೆ ತಟ್ಟಿದೆ. ಊರಿನ ಗಾಳಿ! ಇನ್ನೊಂದೇ ಹಾರಾಟ, ಮನೆ! ಆದರೆ ತಿರುವನಂತಪುರದಲ್ಲಿ ಮಳೆ ಜೋರು, ಬಿಡುವವರೆಗೆ ವಿಮಾನ ಹೊರಡದು ಎಂದರು. ಎಲ್ಲರೂ ಇಳಿದು ಬೆಂಚುಗಳ ಮೇಲೆ ಕುಳಿತೆವು.

ಕುಳಿತದ್ದೇ ತಡ, ಹಿಲ್ಡಾ ಅಳಲು ಶುರುಮಾಡಿದಳು. ಅಷ್ಟು ದೂರ ಗಟ್ಟಿಯಾಗಿ ಬಂದವಳ ಧೈರ್ಯ ಕೊನೆಯ ಮೆಟ್ಟಿಲಲ್ಲಿ ಕುಸಿದಿತ್ತು. ಹುಡುಗನ ತಾಯಿಗೆ ಈ ಮದುವೆ ಬೇಡವಂತೆ. ತಾನು ಇಲ್ಲಿಂದಲೇ ಬೊಂಬಾಯಿಗೆ, ಅಲ್ಲಿಂದ ಹಡಗಿನಲ್ಲಿ ವಾಪಸು ಹೋಗುವೆನೆಂದು ಹಠ.

"ನೀವು ಅವರ ಭಾಷೆ ಕಲಿತಿದ್ದೀರಲ್ಲ, ಎಂತಾದರೂ ಹೇಳಿ ಮಾರಾಯ್ರೆ!" ಎಂದು ಅತ್ತೆ ಮಾವನನ್ನು ತಿವಿದರು.

ಮಾವ ಗಂಟಲು ಸರಿಪಡಿಸಿಕೊಂಡು ಜರ್ಮನ್ ಭಾಷೆಯಲ್ಲಿ ಒಂದು ವಾಕ್ಯ ಹೇಳಿದರು. ಹಿಲ್ಡಾ ಕಣ್ಣೊರೆಸಿಕೊಂಡು ಅವರನ್ನೇ ನೋಡಿದಳು. ಆಮೇಲೆ ಅಳುವಿನ ನಡುವೆಯೇ ಕಿಲಕಿಲ ನಕ್ಕಳು.

"ಎಂತ ಹೇಳಿದಿರಿ?"

"ಎಲ್ಲಿ ನೋವು, ನಾಲಗೆ ತೋರಿಸು, ಅಂದೆ. ನನಗೆ ಸರಿಯಾಗಿ ಬರುವುದು ಅದೊಂದೇ."

ಅತ್ತೆ ತಮ್ಮ ಚೀಲದಿಂದ ಎಣ್ಣೆಯ ಸೀಸೆ, ಬಾಚಣಿಗೆ ತೆಗೆದರು. ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಆ ಹೊಂಬಣ್ಣದ ಕೂದಲಿಗೆ ಎಣ್ಣೆ ಹಚ್ಚುತ್ತ, ನಿಧಾನವಾಗಿ ಕನ್ನಡದಲ್ಲಿ ಹೇಳತೊಡಗಿದರು: "ಹೋಗುವುದಾದ್ರೆ ಹೋಗು ಮಗಳೇ, ಯಾರೂ ಹಿಡಿಯುವುದಿಲ್ಲ. ನಾನು ಮದುವೆಯಾಗಿ ತಿರುವನಂತಪುರಕ್ಕೆ ಬಂದಾಗ ಏಳು ದಿನ ಅತ್ತಿದ್ದೇನೆ. ಎಂಟನೆಯ ದಿನ ಹಸಿವಾಯ್ತು. ಊಟ ಮಾಡಿದೆ. ಅಲ್ಲೇ ಉಳಿದೆ."

ನಾನು ಇಂಗ್ಲಿಷಿಗೆ ಮಾಡಬೇಕೆಂದು ಬಾಯಿ ತೆರೆದೆ. ಬೇಕಾಗಲಿಲ್ಲ. ಹುಡುಗಿ ಕಣ್ಣುಮುಚ್ಚಿ ಅತ್ತೆಯ ಮೊಣಕಾಲಿಗೆ ಒರಗಿದ್ದಳು. ಜಡೆ ಮುಗಿಯುವ ಹೊತ್ತಿಗೆ ವಿಮಾನಕ್ಕೆ ಕರೆ ಬಂತು. ಅತ್ತೆ ಎದ್ದು ಹೊರಟರು, ಹಿಂತಿರುಗಿ ನೋಡಲಿಲ್ಲ. ನಾನು ನೋಡಿದೆ. ಹಿಲ್ಡಾ ಒಂದು ಕ್ಷಣ ನಿಂತಳು. ಪೆಟ್ಟಿಗೆ ಎತ್ತಿಕೊಂಡು ಓಡಿಬಂದು ನಮ್ಮನ್ನು ಸೇರಿಕೊಂಡಳು.

ತಿರುವನಂತಪುರದಲ್ಲಿ ಇನ್ನೂ ತುಂತುರು. ಹುಡುಗ ಕೊಡೆಯನ್ನೇ ಮರೆತು ಓಡಿಬಂದ. ಹಿಂದೆ, ಸ್ವಲ್ಪ ದೂರದಲ್ಲಿ, ಬಿಳಿಯ ಮುಂಡುಟ್ಟ ಅವನ ತಾಯಿ. ಬರಲಾರರೆಂದು ಹಿಲ್ಡಾ ಅಂದುಕೊಂಡವರು ಬಂದಿದ್ದರು. ಆದರೆ ಮುಖ ಕಲ್ಲಿನ ಹಾಗೆ. ಅವರು ಹುಡುಗಿಯ ಹಿಂದೆಮುಂದೆ ನೋಡಿ ಮಗನಿಗೆ ಮಲಯಾಳದಲ್ಲಿ ಹೇಳಿದರು: "ಈ ಹುಡುಗಿಗೆ ತನ್ನವರು ಅಂತ ಯಾರೂ ಇಲ್ಲವೇ? ಒಬ್ಬಳೇ ಬಂದು ನಿಂತಿದ್ದಾಳಲ್ಲ!"

ಅತ್ತೆ ಮುಂದೆ ಹೋದರು.

"ಞಾನುಂಡಲ್ಲೋ!" ಎಂದರು. ನಾನಿದ್ದೇನಲ್ಲ! ಆಮೇಲೆ ಕಾಸರಗೋಡಿನ ಮಲಯಾಳದಲ್ಲಿ ಒಂದೇ ಉಸಿರಿಗೆ, "ನಾವು ಹೆಣ್ಣಿನ ಕಡೆಯವರು. ಹುಡುಗಿಯನ್ನು ಈಗ ಮನೆಗೆ ಕರೆದುಕೊಂಡು ಹೋಗ್ತೇವೆ. ಮನಸ್ಸಿದ್ದರೆ ಒಳ್ಳೆಯ ದಿನ ನೋಡಿ ಕೇಳಲಿಕ್ಕೆ ಬನ್ನಿ."

ಆ ತಾಯಿ ಅತ್ತೆಯನ್ನು ನೋಡಿದರು, ಎಣ್ಣೆಯಿಂದ ಮಿರಮಿರ ಮಿಂಚುವ ಜಡೆಯನ್ನು ನೋಡಿದರು. ಆಮೇಲೆ ಕೇಳಿದರು: "ಮನೆ ಎಲ್ಲಿ?"

"ಉಳ್ಳೂರಿನಲ್ಲಿ."

ನಾಲ್ಕನೆಯ ದಿನ ಅವರು ತಮ್ಮ ಅಣ್ಣನನ್ನು ಕರೆದುಕೊಂಡು, ಒಂದು ಗೊನೆ ನೇಂದ್ರ ಬಾಳೆಹಣ್ಣಿನೊಂದಿಗೆ ಕ್ರಮಪ್ರಕಾರ ಹೆಣ್ಣು ಕೇಳಲು ಬಂದರು. ಅತ್ತೆ ಸ್ವಲ್ಪ ಯೋಚಿಸುವವರಂತೆ ನಟಿಸಿ ಒಪ್ಪಿದರು! ಮದುವೆಯಾಗಿ ಅವಳು ಮೆಟ್ಟಿಲಿಳಿಯುವಾಗ ಅತ್ತೆ ಅತ್ತ ಅಳು ನೆರೆಮನೆಯವರೆಲ್ಲ ಹೊರಗೆ ಬರುವಷ್ಟು.

ಮರುವರ್ಷ ಹಿಲ್ಡಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಉಳ್ಳೂರಿಗೆ. ಹತ್ತು ದಿನದ ಮೇಲೆ ಕಾಸರಗೋಡಿಗೆ ಅತ್ತೆಯ ಕಾರ್ಡು ಬಂತು. ಎರಡೇ ಸಾಲು: "ಇಳಾ ಹೆತ್ತಳು, ಹೆಣ್ಣು. ಕಣ್ಣು ಅವಳದ್ದು, ಬಣ್ಣ ಅವನದ್ದು, ಮೂಗು ನೋಡಿದರೆ ನಮ್ಮ ಮನೆಯದ್ದೇ."