ಮೈದುನ ಉಪವಾಸ ಕೆಡವಿದ ಗೋವಿನಜೋಳ

ತನ್ನ ಬೆಳೆ ಒಣಗಲಿ ಎಂದು ಬಸವಣ್ಣನಿಗೆ ಕಾಯಿ ಒಡೆಸಿದ ರೈತನನ್ನು ನೀವು ನೋಡಿದ್ದೀರಾ? ಇಲ್ಲ ತಾನೆ! ನಾನು ನೋಡಿದ್ದೇನೆ. ನೋಡುವುದೇನು ಬಂತು, ಹನ್ನೆರಡು ವರ್ಷ ಅವನಿಗೆ ರೊಟ್ಟಿ ಬಡಿದು ಹಾಕಿದ್ದೇನೆ. ಅವನು ನನ್ನ ಮೈದುನ.

ಎಪ್ಪತ್ತರ ದಶಕದಲ್ಲಿ ನಮ್ಮ ದುಮ್ಮವಾಡದ ಕಡೆ ಚೀಲದ ಗೊಬ್ಬರ ಇನ್ನೂ ಹೊಸದು. ಊರ ಜನ ಅದನ್ನು ಮೂಸಿ ನೋಡುತ್ತಿದ್ದರು, ನಮ್ಮವನು ನೆಕ್ಕಿ ನೋಡುತ್ತಿದ್ದ! "ಯೂರಿಯಾ ನಾಲಗಿಗೆ ತಂಪ ರಿ ವೈನಿ. ಪೊಟ್ಯಾಶ್ ಅಂದ್ರ ಉಪ್ಪ, ಹಿಂದಿಂದ ಒಂದಿಷ್ಟು ಕಹಿ." ಹೇಳಿದ್ದಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಒಂದು ದಿನ ಊಟಕ್ಕೆ ಕುಳಿತವನು ಸಾರನ್ನು ಸುರ್ರನೆ ಹೀರಿ, ಕಣ್ಣು ಮುಚ್ಚಿ, "ಇವತ್ತ ಪೊಟ್ಯಾಶ್ ಸ್ವಲ್ಪ ಜಾಸ್ತಿ ಆಗೇತ್ರಿ" ಎಂದ. "ಹಂಗಾರ ನಾಳಿಂದ ಎತ್ತಿನ ಬಾಜು ಕುಂತು ಉಣ್ಣೋ ತಮ್ಮಾ" ಎಂದೆ. ಅವನಿಗೆ ಬೇಸರವೇ ಆಗಲಿಲ್ಲ!

ಮೂವತ್ತೈದು ದಾಟಿದರೂ ಲಗ್ನವಿಲ್ಲ. ಮಾತು ಶುರು ಮಾಡಿದರೆ ಗೊಬ್ಬರದ್ದೇ. ಕೇಳುವವರು ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಅಂಥವನಿಗೆ ಒಂದು ಅವಕಾಶ ಒದಗಿತು. ಧಾರವಾಡದಿಂದ ಬಂದ ಕೃಷಿ ಸಾಹೇಬರು ಚಾವಡಿಯಲ್ಲಿ ಕುಳಿತು, ಪೊಟ್ಯಾಶ್ ಸಿಗದಿದ್ದರೆ ಗೋವಿನಜೋಳದ ಕೆಳಗಿನ ಎಲೆಗಳ ಅಂಚು ಸುಟ್ಟಂತೆ ಒಣಗುತ್ತದೆ, ದಂಟು ಗಾಳಿಗೆ ಬೀಳುತ್ತದೆ, ತೆನೆಯ ತುದಿ ಬೋಳಾಗುತ್ತದೆ ಎಂದು ಹೇಳಿದರು. ಯಾರೂ ನಂಬಲಿಲ್ಲ. ನಮ್ಮವನು ಎದ್ದು ನಿಂತ: "ನಾ ಬೆಳದು ತೋರಸ್ತೇನ್ರಿ!"

"ಫರಕ ಎದ್ದು ಕಂಡ್ರ ಸುತ್ತಲಿನ ರೈತರನ್ನ ಕರಕೊಂಡು ಬರತೇನಿ. ನೀವ ಅವರಿಗೆ ತಿಳಿಸಿ ಹೇಳಬೇಕು" ಎಂದರು ಸಾಹೇಬರು.

ತನ್ನ ಮಾತನ್ನು ಪೂರ್ತಿ ಕೇಳಲು ಜನ ಬರುತ್ತಾರೆ! ಅವನಿಗೆ ಮತ್ತೇನು ಬೇಕು? ಅಂದಿನಿಂದಲೇ ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ಭಾಷಣದ ತಾಲೀಮು ಶುರುವಾಯಿತು. ಎಮ್ಮೆ ಹಾಲು ಕಡಿಮೆ ಮಾಡಿತು.

ಹೊಲದಲ್ಲಿ ಮೂರು ಪಟ್ಟಿ ಮಾಡಿದ. ಮೂರಕ್ಕೂ ಯೂರಿಯಾ, ಸೂಪರ್ ಗೊಬ್ಬರ ಸಮಸಮ. ಮೊದಲನೆಯದಕ್ಕೆ ಸೊಸೈಟಿಯ ಪೊಟ್ಯಾಶ್. ಎರಡನೆಯದಕ್ಕೆ ಒಲೆಯ ಬೂದಿ, ಅದರಲ್ಲೂ ಪೊಟ್ಯಾಶ್ ಇದೆಯಂತೆ. ಆ ಬೂದಿಯನ್ನು ಈ ಮಹಾಶಯ ಸೋಸಿದ್ದು ಯಾವುದರಲ್ಲಿ ಗೊತ್ತೇ? ನನ್ನ ಹಿಟ್ಟಿನ ಸಾಣಿಗೆಯಲ್ಲಿ! ಎರಡು ದಿನ ಮನೆಮಂದಿಯೆಲ್ಲ ರೊಟ್ಟಿಯನ್ನು ಕರಕರ ಎನ್ನಿಸುತ್ತಾ ತಿಂದೆವು. ಮೂರನೆಯ ಪಟ್ಟಿಗೆ ಪೊಟ್ಯಾಶೂ ಇಲ್ಲ, ಬೂದಿಯೂ ಇಲ್ಲ.

ಮೂರಕ್ಕೂ ತಗಡಿನ ಬೋರ್ಡು ನೆಟ್ಟ. ಮೊದಲನೆಯದರ ಮೇಲೆ 'ಅವ್ವ', ಎರಡನೆಯದರ ಮೇಲೆ 'ಅಣ್ಣ-ವೈನಿ'. ಏನೂ ಇಲ್ಲದ ಪಟ್ಟಿಗೆ ತನ್ನ ಹೆಸರು! ಯಾಕೋ ಎಂದು ಕೇಳಿದರೆ, "ಮತ್ತ ಬ್ಯಾರೇದವರ ಹೆಸರ ಬರದು ಉಪಾಸ ಕೆಡವಲೇನ್ರಿ?" ಎಂದ.

ಮುಂದೆ ನಮ್ಮ ಮನೆಯಲ್ಲಿ ನಡೆದದ್ದು ಯಾವ ಶತ್ರುವಿಗೂ ಬೇಡ. ದಿನಾ ಬೆಳಿಗ್ಗೆ ಹೊಲದಲ್ಲಿ ಮಂಡಿಯೂರಿ ಎಲೆಗಳ ಅಂಚು ನೋಡುವುದು, ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂರುವುದು: "ಇನ್ನೂ ಒಣಗವಲ್ದು ವೈನಿ! ಹಸರ ಹಸರ ಐತಿ!" ಬಾಜು ಹೊಲದ ಚಾಚಾ, ಊರ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಅಂಗಡಿ ಇಟ್ಟ ಮುಸಲ್ಮಾನ ಹಿರಿಯ, ಬಿದ್ದು ಬಿದ್ದು ನಗುತ್ತಿದ್ದ. ಬಸವಣ್ಣನಿಗೆ ಕಾಯಿ ಒಡೆಸಿದ್ದು ಆಗಲೇ.

ಒಣಗಲಿಲ್ಲ ಏಕೆಂದು ನನಗೆ ಗೊತ್ತಿತ್ತು. ಕಳೆ ತೆಗೆಯಲು ಹೋದಾಗೆಲ್ಲ ಆ ಮೂರನೆಯ ಪಟ್ಟಿಯ ಬುಡಕ್ಕೆ ಬುಟ್ಟಿಗಟ್ಟಲೆ ಬೂದಿ ಹಾಕಿ ಮಣ್ಣು ಮುಚ್ಚಿ ಬರುತ್ತಿದ್ದವಳು ನಾನೇ! ಏನು ಮಾಡಲಿ? ಆ ಬೋರ್ಡು ಕಂಡರೆ ಕೈ ತಡೆಯುತ್ತಿರಲಿಲ್ಲ.

ತೆನೆ ಬಲಿತಾಗ ಸಾಹೇಬರು ಜೀಪಿನಲ್ಲಿ ಬಂದರು. ಹಿಂದೆ ಪಕ್ಕದೂರು ದೇವಿಕೊಪ್ಪದವರೂ ಸೇರಿ ನಲವತ್ತು ಜನ. ನಮ್ಮವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಸಾಹೇಬರು ಮೂರು ಪಟ್ಟಿ ತಿರುಗಿ, ತೆನೆ ಸುಲಿದು ನೋಡಿದರು. ಮೂರರಲ್ಲೂ ತುದಿಯವರೆಗೆ ಕಾಳು. ಮೂರನೆಯದರಲ್ಲಂತೂ ಒಂದು ಕೈ ಮೇಲೆಯೇ!

"ಫರಕ ಇಲ್ಲಲ್ರೀ. ಈ ಮಣ್ಣಿಗೆ ಪೊಟ್ಯಾಶ್ ಬೇಕಾಗಿಲ್ಲ ಅಂತ ಬರಕೋತೇನಿ" ಎಂದು ಪುಸ್ತಕ ತೆಗೆದರು. ಮೈದುನನ ಮುಖ ಕಪ್ಪಿಟ್ಟಿತು. ಬಂದವರು ಆಗಲೇ ಹೊರಡಲು ತಿರುಗಿದ್ದರು.

ನನಗೆ ತಡೆಯಲಾಗಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಮುಂದೆ ಬಂದೆ. "ಬರಕೋಬ್ಯಾಡ್ರಿ ಸಾಹೇಬ್ರ. ಅದಕ್ಕ ನಾ ಬೂದಿ ಹಾಕೇನ್ರಿ."

"ಅಯ್ಯ, ನೀನೂ ಹಾಕೀಯೇನ?" ಎಂದರು ನಮ್ಮ ಅತ್ತೆ, ಬಾಯಿಯ ಮೇಲೆ ಕೈ ಇಟ್ಟು. "ಬಚ್ಚಲ ಒಲಿ ಬೂದಿ ಎಲ್ಲಾ ನಾನೂ ಇಲ್ಲೇ ತಂದು ಹಾಕೇನಿ!"

ನನ್ನ ಯಜಮಾನರು ತಲೆ ಕೆರೆದುಕೊಂಡರು. ಎಂದೂ ತಮ್ಮನೊಡನೆ ನಾಲ್ಕು ಮಾತಾಡಿದವರಲ್ಲ. "ನಾ... ಸೊಸೈಟಿ ಚೀಲದಾಗಿಂದು ನಾಕೈದ ಬೊಗಸಿ..." ಎಂದರು.

"ಮೈ ಭೀ ಸಾಬ್!" ಎಂದ ಚಾಚಾ. "ಅಂಗಡಿ ಒಲಿದು ಎರಡ ಚೀಲ ಬೂದಿ. ಆ ಬೋರ್ಡ ನೋಡಿ ಕರಳ ಚುರ್ ಅಂತಿತ್ರಿ."

ನಲವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ನಗುತ್ತಲೇ ಪುಸ್ತಕ ಮುಚ್ಚಿ, "ಪ್ರಯೋಗ ಹಾಳಾತು, ಆದ್ರ ಬೂದಿ ಕೆಲಸ ಮಾಡತೈತಿ ಅನ್ನೂದು ಖರೆ. ಈಗ ನೀವ ಹೇಳ್ರಿ ಇವರಿಗೆ" ಎಂದು ನಮ್ಮವನ ಬೆನ್ನು ತಟ್ಟಿದರು. ಹೊರಟವರೆಲ್ಲ ಮತ್ತೆ ತಿರುಗಿ ನಿಂತರು, ಅವನ ಮಾತು ಕೇಳಲು.

ಅವನು ಬದುವಿನ ಮೇಲೆ ಹತ್ತಿ ನಿಂತು ಗಂಟಲು ಸರಿಮಾಡಿಕೊಂಡ. ಅವ್ವನನ್ನು ನೋಡಿದ, ಅಣ್ಣನನ್ನು ನೋಡಿದ, ಚಾಚಾನನ್ನು, ನನ್ನನ್ನು. ನಾಲ್ಕು ತಿಂಗಳು ಎಮ್ಮೆಯ ಮುಂದೆ ತಾಲೀಮು ಮಾಡಿದ ಭಾಷಣ ಎಲ್ಲಿ ಹೋಯಿತೋ! ನನಗೆ ಅಳುವೇ ಬಂತು.

"ನನಗ ಇಷ್ಟ ಮಂದಿ ಅದೀರಂತ ಗೊತ್ತಿದ್ದಿಲ್ರಿ" ಎಂದು, ಅಲ್ಲೇ ಕುಳಿತುಬಿಟ್ಟ.